ಹೋಟೆಲಿನ ಬಾಗಿಲು ತೆರೆದಿದೆ. ಒಲೆಯ ಮುಂದೆ ಯಾರು?

ತಗಡೂರಿನಿಂದ ಬೆಳಗಿನ ಬಸ್ಸು ಹಿಡಿದು ನಂಜನಗೂಡಿನ ಕಾರ್ಖಾನೆಗಳಿಗೆ ಹೋಗುವ ಕೆಲಸಗಾರನು ಬಸ್ಸಿಳಿದ ಕೂಡಲೆ ಹುಡುಕುವುದು ಹೋಟೆಲನ್ನು. ನಾಲ್ಕು ಇಡ್ಲಿ, ಒಂದು ಲೋಟ ಕಾಫಿ. ಮಧ್ಯಾಹ್ನ ಮೆಸ್ಸಿನಲ್ಲಿ ಮುದ್ದೆ, ಸಾರು. ಸಂಬಳವಾದ ದಿನ ಮಿಲಿಟ್ರಿ ಹೋಟೆಲಿನಲ್ಲಿ ಬಾಡೂಟ. ಇದನ್ನು ಶೋಕಿಯೆಂದು ಹಳಿಯುವ ಹಿರಿಯರು ಇನ್ನೂ ಇದ್ದಾರೆ. ನಾವು ಹಳಿಯುವುದಿಲ್ಲ. ದುಡಿದವನು ಬಿಸಿಯಾದ ಅನ್ನವನ್ನು ಕುಳಿತು ತಿನ್ನುವುದು ಶೋಕಿಯಲ್ಲ, ಅವನ ಹಕ್ಕು.

ಈ ಹಕ್ಕು ಬಿಟ್ಟಿಯಾಗಿ ಬಂದುದೂ ಅಲ್ಲ. ಜಾತಿಗೊಂದು ಪಂಕ್ತಿ, ಜಾತಿಗೊಂದು ಲೋಟ ಇದ್ದ ಹೋಟೆಲುಗಳನ್ನು ನಮ್ಮ ಹಿರಿಯರು ಕಂಡಿದ್ದಾರೆ. ಹೊರಗೆ ನಿಂತು ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋಗಬೇಕಾಗಿದ್ದವರ ಮಕ್ಕಳು ಈ ಪತ್ರಿಕೆಯನ್ನು ಓದುತ್ತಿದ್ದಾರೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಹೋಟೆಲು, ಅಂಗಡಿಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾನೂನು 1955ರಲ್ಲಿ ಬಂದಿತು. 1976ರಲ್ಲಿ ಅದನ್ನು ಇನ್ನಷ್ಟು ಬಿಗಿಮಾಡಲಾಯಿತು. ಇಷ್ಟಕ್ಕೂ ಮೊದಲೇ ಈ ಭಾಗದಲ್ಲಿ ತಗಡೂರು ರಾಮಚಂದ್ರರಾಯರಂಥವರು ಖಾದಿಯ ಕೆಲಸದೊಡನೆ ಅಸ್ಪೃಶ್ಯತೆಯ ವಿರುದ್ಧದ ಕೆಲಸವನ್ನೂ ಹೆಗಲಿಗೆ ಹಾಕಿಕೊಂಡಿದ್ದರು. ಆದರೆ ಕಾನೂನು ಬರೆದ ಮಾತ್ರಕ್ಕೆ ಮನಸ್ಸು ಬದಲಾಗುವುದಿಲ್ಲ. ಗಾಂಧೀಜಿ ಬಂದುಹೋದ, ಖಾದಿ ಕೇಂದ್ರದಿಂದ ಹೆಸರಾದ ಬದನವಾಳಿನಲ್ಲೇ 1993ರಲ್ಲಿ ದೇವಸ್ಥಾನ ಪ್ರವೇಶದ ವಿಚಾರವಾಗಿ ಮೂವರು ದಲಿತರ ಕೊಲೆಯಾಯಿತು. ಇದನ್ನು ಮರೆತು ನಾವು ಸಮಾನತೆಯ ಮಾತನಾಡಲಾರೆವು.

ಹೋಟೆಲಿನ ಬೆಂಚಿನ ಮೇಲೆ ಇಂದು ಎಲ್ಲರೂ ಕೂಡುತ್ತಾರೆ, ಸಂತೋಷ. ಆದರೆ ಬೆಂಚಿನಿಂದ ಎದ್ದು ಒಳಮನೆಯೊಳಗೆ ಒಮ್ಮೆ ಇಣುಕಿ ನೋಡೋಣ.

ಚಿಕ್ಕ ಹೋಟೆಲಿನ ಮಾಲೀಕನ ಕಷ್ಟ ನಮಗೆ ಗೊತ್ತು. ಅಕ್ಕಿ, ಎಣ್ಣೆ, ಬಾಡಿಗೆ, 19 ಕಿಲೋ ತೂಕದ ವಾಣಿಜ್ಯ ಸಿಲಿಂಡರು, ಇವುಗಳ ಬೆಲೆಯನ್ನು ಅವನು ಗೊತ್ತುಮಾಡುವುದಿಲ್ಲ, ಬೇರೆಯವರು ಗೊತ್ತುಮಾಡುತ್ತಾರೆ. ದೋಸೆಗೆ ಐದು ರೂಪಾಯಿ ಏರಿಸಿದರೆ ಮಾತ್ರ ಬೈಗುಳ ಅವನಿಗೆ. ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿ.ಎಸ್.ಟಿ. ನೋಂದಣಿಯೂ ಆಗಬೇಕು. ಇವೆಲ್ಲ ಅವನ ಲೆಕ್ಕದ ಪುಸ್ತಕದಲ್ಲಿವೆ. ಪುಸ್ತಕದಲ್ಲಿ ಇಲ್ಲದ್ದು ಒಂದಿದೆ. ನಸುಕಿನಲ್ಲಿ ಎದ್ದು ಹಿಟ್ಟು ರುಬ್ಬಿ, ಚಟ್ನಿ ಮಾಡಿ, ರಾತ್ರಿ ಪಾತ್ರೆ ತಿಕ್ಕಿ ಮಲಗುವ ಅವನ ಹೆಂಡತಿಯ ಕೂಲಿ. ಗಲ್ಲಾದ ಮುಂದೆ ಕುಳಿತವನು ಮಾಲೀಕ. ಒಲೆಯ ಮುಂದೆ ನಿಂತವಳು ಯಾರು? ಆಕೆಯನ್ನು ಕೆಲಸಗಾರಳೆಂದು ಯಾರೂ ಬರೆದುಕೊಂಡಿಲ್ಲ, ಪಾಲುದಾರಳೆಂದೂ ಬರೆದುಕೊಂಡಿಲ್ಲ.

ಕೆಲಸಗಾರನ ಮನೆಯ ಕಥೆಯೂ ಇದೇ. 2019ರಲ್ಲಿ ಸರ್ಕಾರವೇ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗೆಲಸ ಮಾಡುವವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಹಾಗೆ ಮಾಡುವವರಲ್ಲೂ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸು 97 ನಿಮಿಷ. ಗಿರಣಿಯಲ್ಲಿ ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದವರು ನಾವು. ಗಾರ್ಮೆಂಟ್ಸಿನಲ್ಲಿ ಎಂಟು ಗಂಟೆ ಹೊಲಿದು ಬಂದು ಮನೆಯಲ್ಲಿ ಮತ್ತೆ ಐದು ಗಂಟೆ ದುಡಿಯುವವಳ ಪಾಳಿ ಎಂದಿಗೆ ಮುಗಿಯುತ್ತದೆ? ಓವರ್‌ಟೈಮಿನ ದುಡ್ಡು ಕೊಡುವವರು ಯಾರು?

"ಅಡುಗೆ ಗಂಡಸಿಗೆ ಹೇಳಿಸಿದ ಕೆಲಸವಲ್ಲ" ಎನ್ನುವವರಿಗೆ ಒಂದು ಪ್ರಶ್ನೆ. ಮದುವೆ ಮನೆಯಲ್ಲಿ ಸಾವಿರ ಎಲೆಗೆ ಅಡುಗೆ ಮಾಡುವ ಭಟ್ಟರು ಯಾರು? ದೊಡ್ಡ ಹೋಟೆಲಿನ ದೋಸೆಯ ಹಂಚಿನ ಮುಂದೆ ನಿಂತಿರುವವರು ಯಾರು? ಗಂಡಸರೇ. ಕೂಲಿ ಸಿಗುವ ಕಡೆ ಅಡುಗೆ ಗಂಡಸರ ಕಸುಬು. ಕೂಲಿ ಸಿಗದ ಕಡೆ ಅದು ಹೆಂಗಸರ ಧರ್ಮ! ಈ ಧರ್ಮವನ್ನು ಯಾರ ಅನುಕೂಲಕ್ಕಾಗಿ ಮಾಡಿದರೆಂದು ವಿವರಿಸಬೇಕಾಗಿಲ್ಲ.

ಇಷ್ಟನ್ನು ಬರೆಯುವ ನಮಗೆ ಅನ್ನಕ್ಕೆ ಎಷ್ಟು ನೀರಿಡಬೇಕೆಂಬುದು ಮೊನ್ನೆಮೊನ್ನೆಯವರೆಗೂ ಗೊತ್ತಿರಲಿಲ್ಲ. ಬೇರೆಯವರಿಗೆ ಹೇಳುವ ಮೊದಲು ಕಲಿಯೋಣವೆಂದು ನಾವು ಹನ್ನೊಂದು ಜನ ಗಂಡಸರು, ಕೆಲವರು ಕಾರ್ಖಾನೆಯವರು, ಕೆಲವರು ಅಂಗಡಿಯವರು, ತಗಡೂರಿನ ಗೆಳೆಯರೊಬ್ಬರ ಹಿತ್ತಲಿನಲ್ಲಿ ನಾಲ್ಕು ಭಾನುವಾರ ಸೇರಿದೆವು. ಕಲಿಸಲು ಬಂದವರು ಬೇರೊಂದು ಊರಿನಲ್ಲಿ ವರ್ಷಗಟ್ಟಲೆ ಶಾಲೆಯ ಬಿಸಿಯೂಟ ಬೇಯಿಸಿದ ಒಬ್ಬ ತಾಯಿ. ಮೊದಲ ವಾರ ಅನ್ನ, ಬೇಳೆಸಾರು. ಎರಡನೆಯ ವಾರ ಮುದ್ದೆ. ಎಸರು ಮರಳುವ ಮೊದಲೇ ಹಿಟ್ಟು ಸುರಿದು, ಅವಸರದಲ್ಲಿ ತೊಳಸಿ, ಎಲ್ಲವನ್ನೂ ಗಂಟು ಮಾಡಿದೆವು. ಆಕೆ ನಗುತ್ತ ಹೇಳಿದರು: "ಹಿಟ್ಟು ಬೇಯಾಕೆ ಒಸಿ ಹೊತ್ತು ಕೊಡ್ಬೇಕು ಕಣ್ರಪ್ಪ. ಬಸ್ಸಿಗೆ ಕಾಯ್ತೀರಲ್ಲ, ಇದಕ್ಕೂ ಹಂಗೇ ಕಾಯಿರಿ." ಮೂರನೆಯ ವಾರ ಉಪ್ಸಾರು: ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ ಅರೆದು ಖಾರ ಮಾಡುವುದು. ಖಾರ ಅರೆದ ಕೈ ರಾತ್ರಿಯವರೆಗೂ ಉರಿಯಿತು. ದಿನವೂ ಉರಿಯುವ ಕೈಗಳ ನೆನಪು ನಮಗೆ ಆಗಲೇ ಬಂದುದು.

ಆದರೆ ನಡೆದ ಇನ್ನೊಂದು ಸಂಗತಿಯನ್ನು ಮುಚ್ಚಿಡಲಾರೆವು. ಮೊದಲ ಭಾನುವಾರ ಅಡುಗೆ ಮುಗಿದು ಎಲೆ ಹಾಕಿದಾಗ ಇಬ್ಬರು "ಇವತ್ತು ಒಪ್ಪತ್ತು" ಎಂದು ಎದ್ದುಹೋದರು. ಕಲಿಸಿದ ತಾಯಿ ದಲಿತರ ಕೇರಿಯವರೆಂಬುದು ಅವರಿಗೆ ಅಷ್ಟರಲ್ಲಿ ತಿಳಿದಿತ್ತು. ದಿನಬೆಳಗಾದರೆ ಹೋಟೆಲಿನಲ್ಲಿ ಒಳಗೆ ಬೇಯಿಸಿದವರು ಯಾರೆಂದು ಕೇಳದೆ ತಿನ್ನುವವರೇ ಅವರಿಬ್ಬರೂ. ಅಂದರೆ ನಮ್ಮ ಸಮಾನತೆ ನಿಂತಿರುವುದು ಹೋಟೆಲಿನ ಒಳಗೋಡೆಯ ಮೇಲೆ. ಗೋಡೆ ಇರುವತನಕ ಮಾತ್ರ ಅದು ಉಂಟು. ಶಾಲೆಯಲ್ಲಿ ದಲಿತ ಹೆಂಗಸು ಬೇಯಿಸಿದ ಊಟವನ್ನು ಮಕ್ಕಳು ಉಣ್ಣಬಾರದೆಂದು ತಾಯಿತಂದೆಗಳು ತಡೆದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ನಾವು ಖಂಡನೆಯ ಲೇಖನ ಬರೆದಿದ್ದೇವೆ. ಅಂದು ಹಿತ್ತಲಿನಲ್ಲಿ, ಕಣ್ಣೆದುರಿಗೆ, ನಾವು ಬಾಯಿ ಬಿಡಲಿಲ್ಲ. ಆ ತಾಯಿ ಏನೂ ಆಗದವರಂತೆ ಉಳಿದವರ ಎಲೆಗೆ ಬಡಿಸಿದರು. ನಾವು ತಲೆ ತಗ್ಗಿಸಿ ಉಂಡೆವು. ಮುಂದಿನ ವಾರ ಇಬ್ಬರ ಮನೆಗೂ ಹೋಗಿ ಮಾತನಾಡಿದೆವು. ಒಬ್ಬರು ಮರಳಿ ಬಂದರು. ಗಂಟಾದ ಮುದ್ದೆಯನ್ನು ನಮ್ಮೊಡನೆ ತಿಂದರು. ಇನ್ನೊಬ್ಬರು ಬರಲಿಲ್ಲ.

ಅಡುಗೆ ಕಲಿಯುವುದೆಂದರೆ ಒಗ್ಗರಣೆ ಕಲಿಯುವುದಷ್ಟೇ ಅಲ್ಲವೆಂಬುದು ಹೀಗೆ ನಮಗೆ ತಿಳಿಯಿತು. ಯಾರು ಬೇಯಿಸಬೇಕು, ಯಾರು ಬೇಯಿಸಿದ್ದನ್ನು ಯಾರು ಉಣ್ಣಬಹುದು, ಬೇಯಿಸಿದವರಿಗೆ ಏನು ಸಲ್ಲಬೇಕು ಎಂಬ ಮೂರು ಪ್ರಶ್ನೆಗಳೂ ಒಂದೇ ಒಲೆಯ ಮೂರು ಗುಂಡುಗಳು. ಒಂದನ್ನು ತೆಗೆದರೆ ಪಾತ್ರೆ ನಿಲ್ಲದು.

ಮೂರನೆಯ ಪ್ರಶ್ನೆಗೆ ಸರ್ಕಾರವೂ ಉತ್ತರ ಹೇಳಬೇಕು. ಬಿಸಿಯೂಟದ ಅಡುಗೆಯವರಿಗೆ ಕೇಂದ್ರ ಸರ್ಕಾರ 2009ರಲ್ಲಿ ಗೊತ್ತುಮಾಡಿದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು. ರಾಜ್ಯ ತನ್ನ ಪಾಲು ಸೇರಿಸುತ್ತದೆ, ನಿಜ. ಆದರೆ ಅದರ ಹೆಸರು ಸಂಬಳವಲ್ಲ, "ಗೌರವಧನ". ಗೌರವವನ್ನು ಅಂಗಡಿಯಲ್ಲಿ ಕೊಟ್ಟರೆ ಅಕ್ಕಿ ಬರುವುದಿಲ್ಲ. ಇದು ಕೆಲಸ, ಇದಕ್ಕೆ ಸಲ್ಲಬೇಕಾದುದು ಕನಿಷ್ಠ ಕೂಲಿ.

ಉಳಿದುದು ನಮ್ಮ ಕೈಯಲ್ಲೇ ಇದೆ. ಕಾರ್ಮಿಕ ಸಂಘಗಳು ತಮ್ಮ ಕಚೇರಿಯಲ್ಲಿ ತಿಂಗಳಿಗೆ ಎರಡು ಭಾನುವಾರ ಗಂಡಸರಿಗೆ ಅಡುಗೆಯ ತರಗತಿ ನಡೆಸಲಿ. ಒಂದು ಒಲೆ, ನಾಲ್ಕು ಪಾತ್ರೆ ಸಾಕು. ಕಲಿಸಿದವರಿಗೆ ಕೂಲಿಯನ್ನು ಎಣಿಸಿ ಕೊಡಲಿ. ಅಡುಗೆಯಾದ ಮೇಲೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಲಿ. ಅಂದು ಯಾರಿಗೂ ಒಪ್ಪತ್ತು ಬೇಡ. ಹೋಟೆಲು ನಡೆಸುವ ಗೆಳೆಯರು ಹೆಂಡತಿಯ ದುಡಿಮೆಯನ್ನು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಾಗಿಯಾದರೂ ಬರೆಯಲಿ. ಹೋಟೆಲಿಗೆ ಹೋಗುವವರು ಹೋಗುತ್ತಿರಲಿ. ವಾರಕ್ಕೊಂದು ದಿನ ಮನೆಯವಳನ್ನೂ ಕರೆದೊಯ್ದು, ಬಡಿಸಿದ ಎಲೆಯ ಮುಂದೆ ಆಕೆಯೂ ಕೂರುವಂತೆ ಮಾಡಲಿ.

ನಮ್ಮ ತರಗತಿ ಮುಂದಿನ ತಿಂಗಳು ಮತ್ತೆ ಆರಂಭವಾಗುತ್ತದೆ. ಬರಲಿಲ್ಲವೆಂದು ಮೇಲೆ ಹೇಳಿದೆವಲ್ಲ, ಆ ಗೆಳೆಯರಿಗೂ ಹೇಳಿಕಳುಹಿಸಿದ್ದೇವೆ. ಅವರ ಎಲೆ ಹಾಕಿಯೇ ಇರುತ್ತದೆ.