ಬಲ್ಲವಳೂ ಕಲಿಯುವವಳೂ

ಅಮೆರಿಕೆಯಲ್ಲಿ ಬಾಲಿಕೆಯರ ಸಾಫ್ಟ್‌ಬಾಲ್ ಕೂಟಗಳು ಎರಡು ಬಗೆ. ಊರಿನ ಕೂಟದಲ್ಲಿ ಬಂದವರಿಗೆಲ್ಲ ಸ್ಥಾನವುಂಟು. ಪರವೂರುಗಳಿಗೆ ಪಂದ್ಯಕ್ಕೆ ಹೋಗುವ ಸಂಚಾರಿ ತಂಡದಲ್ಲಿ ಪರೀಕ್ಷಿಸಿ ಆಯ್ದವರಿಗೆ ಮಾತ್ರ. ಈ ನಿಪುಣೆಯರಲ್ಲಿ ಕೆಲವರು ಊರಿನ ಕೂಟದಲ್ಲಿಯೂ ಆಡುವರು. 12 ವರ್ಷದೊಳಗಿನವರ ಪಂದ್ಯದಲ್ಲಿ ಅಂಥವಳು 40 ಅಡಿಯಿಂದ ವೇಗವಾಗಿ ಚೆಂಡೆಸೆದರೆ, ಹೊಸದಾಗಿ ದಾಂಡು ಹಿಡಿದವಳು ಬೆದರುವಳು; ಎಸೆದವಳ ಪಕ್ಷದ ಸಖಿಯರಿಗೂ ಹಿಡಿಯಲು ಚೆಂಡು ಬಾರದು. ಲಿಟಲ್ ಲೀಗ್ ಸಂಸ್ಥೆಯ ನಿಯಮದಂತೆ ಪ್ರತಿ ಮಗುವಿಗೂ ಒಮ್ಮೆಯಾದರೂ ದಾಂಡು ದೊರೆಯಬೇಕು. ಆದರೆ ದಾಂಡು ದೊರೆತಮಾತ್ರಕ್ಕೆ ಆಟ ದೊರೆತೀತೆ?

ಜಾಣನೊಬ್ಬನಿಂದಲೇ ಉತ್ತರ ಹೇಳಿಸಿ ಮಿಕ್ಕವರನ್ನು ಮೂಕರಾಗಿಸಿದ ದೋಷವು ಉಪಾಧ್ಯಾಯನಾಗಿದ್ದಾಗ ನನ್ನಲ್ಲಿಯೂ ಇತ್ತು. ಜಾಣನನ್ನು ಹೊರದೂಡುವುದು ಪರಿಹಾರವಲ್ಲ. ಪಕ್ಕದವನಿಗೆ ಹೇಳಿಕೊಡಲು ಹಚ್ಚಿದಾಗ ಇಬ್ಬರೂ ಕಲಿತರು. ನಿಪುಣೆಯೂ ಎರಡು ಸರದಿ ಎಸೆದು, ಬಳಿಕ ಚೆಂಡನ್ನು ಗೆಳತಿಯ ಕೈಗಿತ್ತು ಕಲಿಸಲಿ. ವಿದ್ಯೆಯು ಕೊಟ್ಟಷ್ಟೂ ಬೆಳೆಯುವುದಲ್ಲವೆ?