ಚಿತ್ರ ನೋಡಿ ಕೊಟ್ಟ ಹಣ

ಉಂಡೆ ಕೊಬ್ಬರಿ ಮಾಡುವ ಕ್ರಮವನ್ನು ಬಲ್ಲವರಿಗೆ ತಾಳ್ಮೆಯೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ನೀರು ಇಂಗಿ ತಿರುಳು ಚಿಪ್ಪನ್ನು ಬಿಟ್ಟಿತೆ ಎಂದು ಕಿವಿಯ ಬಳಿ ಅಲ್ಲಾಡಿಸಿ ನೋಡಬೇಕು. ಆಮೇಲೆ ಸುಲಿಯುವ ಮಾತು. ಇಂಥ ಜನ, ಕೈಯಲ್ಲಿರುವ ಮೊಬೈಲಿನಲ್ಲಿ ಕಾಯಿಲೆಯ ಮಗುವಿನ ಚಿತ್ರವೊಂದು ಬಂದೊಡನೆ ಅರೆಗಳಿಗೆಯೂ ಯೋಚಿಸದೆ ಹಣ ಕಳಿಸುವುದನ್ನು ತಿಪಟೂರಿನ ಮಾರುಕಟ್ಟೆಯಲ್ಲಿ, ಹರಾಜಿನ ದಿನ, ನಾನು ಹಲವು ಸಲ ಕಂಡಿದ್ದೇನೆ. ನಾನೂ ಕಳಿಸಿದ್ದೇನೆ. ಆ ಮಗು ಏನಾಯಿತೆಂದು ಕೇಳಿದರೆ ಹೇಳಲಾರೆ.

ಅಂತರ್ಜಾಲದ ಈ ದಾನಸಂಗ್ರಹದಿಂದ ಏನೂ ಆಗುವುದಿಲ್ಲವೆಂದರೆ ಅದು ಸುಳ್ಳಾದೀತು. 2021ರ ಜುಲೈ ತಿಂಗಳಿನಲ್ಲಿ ಕೇರಳದ ಕಣ್ಣೂರು ಜಿಲ್ಲೆಯ ಒಂದು ಮಗುವಿಗೆ, ಸ್ನಾಯುಗಳನ್ನು ಕ್ಷಯಿಸುವ ಅಪರೂಪದ ಜಾಡ್ಯಕ್ಕಾಗಿ, 18 ಕೋಟಿ ರೂಪಾಯಿ ಬೆಲೆಯ ಒಂದೇ ಒಂದು ಮದ್ದು ಬೇಕಾಯಿತು. ಸುಮಾರು ಒಂದು ವಾರದಲ್ಲಿ ಸೇರಿದ್ದು 46.78 ಕೋಟಿ! ಅದೇ ತಿಂಗಳು, ಅದೇ ರಾಜ್ಯದಲ್ಲಿ, ಅದೇ ಜಾಡ್ಯದ ಇನ್ನೊಂದು ಕೂಸು, ಹದಿನಾರು ಕೋಟಿಯಷ್ಟು ಹಣ ಸೇರಿದ್ದರೂ ಮದ್ದು ಕೈಗೆ ಬರುವ ಮೊದಲೇ ತೀರಿಕೊಂಡಿತು. ಕೊಟ್ಟವರ ಹೃದಯದಲ್ಲಿ ದೋಷವಿರಲಿಲ್ಲ. ಆದರೆ ಯಾವ ಚಿತ್ರ ಎಷ್ಟು ದಿನದಲ್ಲಿ ಎಷ್ಟು ಜನರ ಕಣ್ಣಿಗೆ ಬೀಳುತ್ತದೆಂಬುದರ ಮೇಲೆ ಒಂದು ಜೀವ ನಿಲ್ಲುವುದಾದರೆ, ಅದನ್ನು ವ್ಯವಸ್ಥೆಯೆಂದು ಕರೆಯಲು ನನಗೆ ನಾಲಗೆ ಏಳದು.

ಮದ್ದಿಗೆ ಅಷ್ಟು ಬೆಲೆ ಏಕೆ ಎಂದು ಆ ಮನವಿಗಳು ಕೇಳುವುದಿಲ್ಲ. ಕೇಳುವಷ್ಟು ಬಿಡುವು ತಾಯಿತಂದೆಗಳಿಗೆಲ್ಲಿ? ಇದೇ ಜಾಡ್ಯಕ್ಕೆ ಕೊಡುವ ರಿಸ್ಡಿಪ್ಲಾಮ್ ಎಂಬ ಬೇರೊಂದು ಔಷಧಿಯ ಸೀಸೆ ಆರು ಲಕ್ಷಕ್ಕೂ ಮೇಲ್ಪಟ್ಟ ಬೆಲೆಯದಾಗಿತ್ತು. 2025ರ ಅಕ್ಟೋಬರಿನಲ್ಲಿ, ಪೇಟೆಂಟಿನ ವ್ಯಾಜ್ಯದಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವೂ ಬಳಿಕ ಸರ್ವೋಚ್ಚ ನ್ಯಾಯಾಲಯವೂ ಭಾರತೀಯ ತಯಾರಕರನ್ನು ತಡೆಯಲು ಒಪ್ಪದೆ ಹೋದಾಗ, ಅದೇ ಔಷಧಿ 15,900 ರೂಪಾಯಿಗೆ ಪೇಟೆಗೆ ಬಂತು. ಈ ಇಳಿತವನ್ನು ತಂದದ್ದು ಯಾರ ಔದಾರ್ಯವೂ ಅಲ್ಲ.

ಹಳೆಯ ದಾನಪದ್ಧತಿಯನ್ನು ಹೊಗಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ದೇವಸ್ಥಾನಕ್ಕೆ ಕೊಟ್ಟ ಕೊಳವೆ ದೀಪದ ಮೇಲೆ, ಬೆಳಕೇ ಮರೆಯಾಗುವಷ್ಟು ದಪ್ಪಕ್ಷರದಲ್ಲಿ ಹೆಸರು ಬರೆಸಿದ ಮಹನೀಯರು ನಮ್ಮಲ್ಲೂ ಇದ್ದಾರೆ. ಆದರೂ ಸಿದ್ಧಗಂಗೆಯ ದಾಸೋಹಕ್ಕೆ ರಾಗಿಯನ್ನೋ ಕಾಯಿಯನ್ನೋ ಕೊಟ್ಟು ಬಂದ ರೈತನಿಗೆ ಅದು ಎಲ್ಲಿ ಬೇಯುತ್ತದೆ, ಯಾರ ಮಕ್ಕಳು ಉಣ್ಣುತ್ತಾರೆ ಎಂಬುದು ಗೊತ್ತು. ಮುಂದಿನ ವರ್ಷವೂ ಕೊಡಬೇಕೆಂಬುದೂ ಗೊತ್ತು. ಚಿತ್ರ ನೋಡಿ ಕೊಟ್ಟ ಹಣಕ್ಕೆ ಮುಂದಿನ ವರ್ಷವಿಲ್ಲ.

ಈ ಮಾತು ನನಗೆ ಚೆನ್ನಾಗಿ ಅರಿವಾದದ್ದು ತುರುವೇಕೆರೆಯ ಕಡೆಯ ನಮ್ಮ ಊರಿನಲ್ಲಿಯೇ. ನಮ್ಮ ತೋಟಗಳಲ್ಲಿ ಕಾಯಿ ಕೀಳುತ್ತಿದ್ದವನೊಬ್ಬ, ಎರಡು ವರ್ಷದ ಕೆಳಗೆ, ಮರದಿಂದ ಬಿದ್ದು ಬೆನ್ನು ಮುರಿದುಕೊಂಡ. ತಿಪಟೂರಿನ ಎತ್ತರದ ತಳಿಯ ಹಳೆಯ ಮರ. ಬಿದ್ದವನು ಬದುಕಿದ್ದೇ ಹೆಚ್ಚು. ಊರಿನ ಹುಡುಗರು ಆಸ್ಪತ್ರೆಯ ಹಾಸಿಗೆಯ ಮೇಲಿನ ಅವನ ಚಿತ್ರವನ್ನು ಎಲ್ಲೆಡೆ ಹರಡಿದರು. ಎಂಬತ್ತು ಸಾವಿರ ಚಿಲ್ಲರೆ ಬಂತು. ನಾನು ಐನೂರು ರೂಪಾಯಿ ಕಳಿಸಿ, ಆ ರಾತ್ರಿ ನೆಮ್ಮದಿಯಾಗಿ ನಿದ್ರೆ ಮಾಡಿದೆನೆಂಬುದನ್ನು ಒಪ್ಪಿಕೊಳ್ಳಬೇಕು. ಆರು ತಿಂಗಳಾದ ಮೇಲೆ ಅವನ ಮನೆಗೆ ಹೋದೆ. ಹಣ ಮುಗಿದಿತ್ತು, ಅವನು ಮಲಗಿಯೇ ಇದ್ದ, ಹೆಂಡತಿ ಕಾಯಿ ಸುಲಿಯುವ ಕೂಲಿಗೆ ಹೋಗುತ್ತಿದ್ದಳು. ಇನ್ನೊಂದು ಚಿತ್ರ ಹಾಕೋಣವೆಂದು ಹುಡುಗರು ಹೊರಟಾಗ ಅವನೇ ಬೇಡವೆಂದನಂತೆ. ಮಲಗಿರುವವನ ಚಿತ್ರವನ್ನು ಎರಡನೆಯ ಸಲ ಯಾರು ನೋಡುತ್ತಾರೆ?

ನಾಚಿಕೆಯ ಸಂಗತಿಯೆಂದರೆ, ತೆಂಗು ಅಭಿವೃದ್ಧಿ ಮಂಡಳಿಯವರು ಮರ ಹತ್ತುವವರಿಗಾಗಿಯೇ 'ಕೇರ ಸುರಕ್ಷಾ' ಎಂಬ ವಿಮೆಯನ್ನು ನಡೆಸುತ್ತಿದ್ದಾರೆ. ಮರಣಕ್ಕೂ ಅಂಗವೈಕಲ್ಯಕ್ಕೂ ಪರಿಹಾರವುಂಟು, ಆಸ್ಪತ್ರೆಯ ವೆಚ್ಚವೂ ಉಂಟು. ಕಂತಿನ ಹೆಚ್ಚಿನ ಪಾಲು ಮಂಡಳಿಯದು. ನಮ್ಮೂರಿನಲ್ಲಿ ಮರ ಹತ್ತುತ್ತಿದ್ದವರು ಏಳು ಮಂದಿ. ಅಷ್ಟೂ ಜನರ ಪಾಲಿನ ಕಂತು ಸೇರಿದರೂ ವರ್ಷಕ್ಕೆ ಎರಡು ಸಾವಿರವಾಗದು. ತೋಟದ ಒಡೆಯರಾದ ನಾವು ಯಾರೂ ಅದನ್ನು ಕಟ್ಟಿರಲಿಲ್ಲ. ಅವನಿಗೆ ತಿಳಿಸಿಯೂ ಇರಲಿಲ್ಲ. ವಿಮೆಯ ಕಂತಿಗೆ ಚಿತ್ರವಿಲ್ಲ, ಕಣ್ಣೀರಿಲ್ಲ. ಹತ್ತು ಜನಕ್ಕೆ ಕಳಿಸಿ ಎನ್ನಲು ಅದರಲ್ಲೇನಿದೆ!

ಹೋದ ವರ್ಷ ಅರ್ಜಿಯ ನಮೂನೆಗಳನ್ನು ತರಿಸಿ, ಉಳಿದ ಆರು ಮಂದಿಯನ್ನು ಜಗಲಿಯ ಮೇಲೆ ಕೂರಿಸಿಕೊಂಡು ತುಂಬಿಸಿದೆ. ಅಧಿಕಾರಿಗಳ ರುಜುವಿಗೆ ಮೂರು ಸಲ ಅಲೆದದ್ದಾಯಿತು. ಈಗ ನಾಲ್ವರಿಗೆ ವಿಮೆಯಿದೆ. ಇನ್ನಿಬ್ಬರು ಈ ಸಲದ ಕಾಯಿ ಕಿತ್ತು ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದಾರೆ.