ಕಿವಿ ಕೇಳದ ಮಗುವಿನ ಮಾತೃಭಾಷೆ ಯಾವುದು?

2025ರ ಆಗಸ್ಟ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ತನ್ನ ವರದಿಯನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಕೈಗಿಟ್ಟಿತು. ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಪಾಠ, ತ್ರಿಭಾಷಾ ಸೂತ್ರದ ಬದಲು ದ್ವಿಭಾಷಾ ಸೂತ್ರ. ಈ ಎರಡು ಶಿಫಾರಸುಗಳ ಮೇಲೆ ನಾವೆಲ್ಲ ಗಂಟಲು ಹರಿಯುವಷ್ಟು ಮಾತಾಡಿದ್ದೇವೆ. ನಾನೂ ಎರಡು ಪ್ಯಾನೆಲ್‌ಗಳಲ್ಲಿ ಕೂತು, "ಮಗು ಮನೆಯಲ್ಲಿ ಕೇಳುವ ಭಾಷೆಯಲ್ಲೇ ಮೊದಲು ಕಲಿಯಬೇಕು, ಇದು ವಿಜ್ಞಾನ" ಅಂತ ಮೇಜು ಕುಟ್ಟಿ ಹೇಳಿ ಬಂದವನು.

ಅದರ ವಿಡಿಯೋ ನೋಡಿ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಅವಳದು ಒಂದೇ ಪ್ರಶ್ನೆ: "ಚೆನ್ನಾಗಿ ಮಾತಾಡಿದೆ ಕಣೋ. ಆದ್ರೆ ನನ್ ಮಗ ಮನೇಲಿ ಯಾವ ಭಾಷೆನೂ ಕೇಳಿಲ್ವಲ್ಲ. ಅವನ ಮಾತೃಭಾಷೆ ಯಾವ್ದು?"

ಅವಳ ಮಗನಿಗೆ ಈಗ ನಾಲ್ಕೂವರೆ ವರ್ಷ. ಹುಟ್ಟಿನಿಂದಲೇ ಕಿವಿ ಕೇಳದು. ಅದು ಗೊತ್ತಾಗಿದ್ದು ಎರಡು ವರ್ಷ ಒಂಬತ್ತು ತಿಂಗಳಾದಾಗ. ಅಲ್ಲಿಯವರೆಗೆ ಊರಿನವರೆಲ್ಲ "ಗಂಡು ಮಕ್ಕಳಿಗೆ ಮಾತು ತಡ" ಎಂದೇ ಸಮಾಧಾನ ಹೇಳಿದರು. ಗೊತ್ತಾದ ಮೇಲೆ ಹೋದ ಕಡೆ ಒಬ್ಬರು ಕಟ್ಟುನಿಟ್ಟಾಗಿ ಹೇಳಿದರಂತೆ: "ಕೈಸನ್ನೆ ಮಾಡ್ಬೇಡಿ, ಮಗು ಸೋಮಾರಿ ಆಗುತ್ತೆ, ಮಾತು ಕಲಿಯಲ್ಲ." ಮೂರೂವರೆ ವರ್ಷಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಆಯಿತು. ಈಗ ಕೆಲವು ಪದಗಳನ್ನು ಗುರುತಿಸುತ್ತಾನೆ. ಆದರೆ ಅದಕ್ಕೂ ಮೊದಲಿನ ಮೂರೂವರೆ ವರ್ಷ ಅವನ ಮಿದುಳಿಗೆ ಯಾವ ಭಾಷೆಯೂ ಸಿಕ್ಕಿರಲಿಲ್ಲ. ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ, ಸನ್ನೆಯೂ ಇಲ್ಲ.

ಅವಳ ಪ್ರಶ್ನೆಗೆ ಅವತ್ತು ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಓದುತ್ತಾ ಹೋದೆ. ಓದಿದ ಮೇಲೆ ಅನ್ನಿಸಿದ್ದು: ನಾವು ಭಾಷಾ ರಾಜಕಾರಣ ಅಂತ ಕರೆಯುವ ಮೇಜಿನ ಸುತ್ತ ಒಂದು ಕುರ್ಚಿ ಮೊದಲಿನಿಂದಲೂ ಖಾಲಿ ಇದೆ.

ಕಿವಿ ಒಂದು ಸಲಕರಣೆ, ಕೇಳುವುದು ಮಿದುಳು

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. 'ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್' ಪೇಪರ್‌ನಲ್ಲಿ ಫೋರಿಯರ್ ಟ್ರಾನ್ಸ್‌ಫಾರ್ಮ್ ಅಂತ ಒಂದು ಬರುತ್ತೆ. ಗೋಜಲಾದ ಒಂದು ಅಲೆಯನ್ನು ಅದರೊಳಗಿನ ಬೇರೆ ಬೇರೆ ಕಂಪನಾಂಕಗಳಾಗಿ ಬಿಡಿಸುವ ಗಣಿತ. ನಾವು ಪೆನ್ನು ಹಿಡಿದು ಒದ್ದಾಡುತ್ತಿದ್ದ ಈ ಕೆಲಸವನ್ನು ನಮ್ಮ ಒಳಗಿವಿ ಸದ್ದಿಲ್ಲದೆ ಮಾಡುತ್ತದೆ. ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ಕಾಕ್ಲಿಯಾವನ್ನು ಬಿಡಿಸಿ ಉದ್ದಕ್ಕೆ ಇಟ್ಟರೆ ಸುಮಾರು 35 ಮಿಲಿಮೀಟರ್. ಅದರ ಬುಡದಲ್ಲಿ ಕೀರಲು ಧ್ವನಿ, ತುದಿಯಲ್ಲಿ ಗಡಸು ಧ್ವನಿ. ಯಾವ ಜಾಗ ಅಲುಗುತ್ತದೆ ಅನ್ನುವುದರ ಮೇಲೆ ಯಾವ ಸ್ವರ ಅಂತ ಮಿದುಳಿಗೆ ಗೊತ್ತಾಗುತ್ತೆ. ಅಲ್ಲಿನ ಸುಮಾರು 3,500 ಒಳ ರೋಮಕೋಶಗಳು ಆ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸಿ ನರಕ್ಕೆ ದಾಟಿಸುತ್ತವೆ.

ಹುಟ್ಟು ಕಿವುಡುತನದ ಬಹುಪಾಲು ಪ್ರಕರಣಗಳಲ್ಲಿ ಕೆಟ್ಟಿರುವುದು ಈ ಒಳಗಿವಿಯೇ. ಅದರ ಹಿಂದಿನ ನರ ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ. ಕಾಕ್ಲಿಯರ್ ಇಂಪ್ಲಾಂಟ್ ಮಾಡುವುದು ಇಷ್ಟೆ: ಕೆಟ್ಟ ರೋಮಕೋಶಗಳನ್ನು ಬದಿಗಿಟ್ಟು, 12ರಿಂದ 22 ಎಲೆಕ್ಟ್ರೋಡ್‌ಗಳ ಮೂಲಕ ನರವನ್ನು ನೇರವಾಗಿ ತಟ್ಟುತ್ತದೆ. ಮೂರೂವರೆ ಸಾವಿರ ಕೋಶಗಳ ಕೆಲಸವನ್ನು ಇಪ್ಪತ್ತೆರಡು ತಂತಿ ತುದಿಗಳು ಮಾಡಬೇಕು! ಎಂಜಿನಿಯರ್ ಆಗಿ ನೋಡಿದರೆ ಇದು ಕೆಲಸ ಮಾಡಲೇಬಾರದು. ಆದರೂ ಮಾಡುತ್ತೆ, ಎಷ್ಟೋ ಮಕ್ಕಳು ಫೋನಿನಲ್ಲಿ ಮಾತಾಡುವಷ್ಟು ಚೆನ್ನಾಗಿ. ಕಾರಣ ಯಂತ್ರದ ಜಾಣತನ ಮಾತ್ರ ಅಲ್ಲ. ಒರಟಾದ ಆ ಸಂಕೇತಕ್ಕೆ ಅರ್ಥ ಕೊಡಲು ಎಳೆಯ ಮಿದುಳು ತನ್ನನ್ನೇ ತಿದ್ದಿಕೊಳ್ಳುತ್ತದೆ.

ಆದರೆ ಆ ತಿದ್ದಿಕೊಳ್ಳುವ ಶಕ್ತಿಗೆ ಗಡಿಯಾರ ಕಟ್ಟಿದೆ. ಇಂಪ್ಲಾಂಟ್ ಆದ ಮಕ್ಕಳ ಮಿದುಳು ಧ್ವನಿಗೆ ಎಷ್ಟು ಬೇಗ ಪ್ರತಿಕ್ರಿಯಿಸುತ್ತದೆ ಎಂದು ವಿಜ್ಞಾನಿ ಅನು ಶರ್ಮಾ ಮತ್ತು ಸಂಗಡಿಗರು ಅಳೆದು 2002ರಲ್ಲಿ ಪ್ರಕಟಿಸಿದರು. ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದ ಮಕ್ಕಳ ಮಿದುಳು ಕೆಲವೇ ತಿಂಗಳಲ್ಲಿ ಕೇಳುವ ಮಕ್ಕಳ ಮಟ್ಟಕ್ಕೆ ಬಂತು. ಏಳು ವರ್ಷ ದಾಟಿದ ಮೇಲೆ ಆದವರಲ್ಲಿ ಬಹುತೇಕ ಬರಲಿಲ್ಲ. ಧ್ವನಿ ಬಾರದಿದ್ದರೆ ಆ ಜಾಗವನ್ನು ಮಿದುಳು ಖಾಲಿ ಬಿಟ್ಟು ಕಾಯುವುದಿಲ್ಲ. ಕಣ್ಣು, ಸ್ಪರ್ಶದಂಥ ಬೇರೆ ಇಂದ್ರಿಯಗಳು ಅಲ್ಲಿಗೆ ಬಂದು ಕೂರುತ್ತವೆ.

ಭಾಷೆ ಅಂದರೆ ಧ್ವನಿ ಅಲ್ಲ

ಇಲ್ಲಿಯವರೆಗೆ ಕೇಳಿದರೆ ಕತೆ ಸರಳ ಅನ್ನಿಸುತ್ತೆ. ಬೇಗ ಪತ್ತೆ ಮಾಡಿ, ಬೇಗ ಯಂತ್ರ ಹಾಕಿ, ಮುಗೀತು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇಲ್ಲೊಂದು ದೊಡ್ಡ ತಪ್ಪಿದೆ. ಧ್ವನಿಗೆ ಇರುವ ಗಡಿಯಾರ ಒಂದು, ಭಾಷೆಗೆ ಇರುವ ಗಡಿಯಾರ ಇನ್ನೊಂದು. ನಾವು ಎರಡನ್ನೂ ಒಂದೇ ಅಂದುಕೊಂಡು ಬಿಟ್ಟಿದ್ದೇವೆ.

ಸನ್ನೆ ಭಾಷೆ ಎಂದರೆ ಬರೀ ಕೈಬಾಯಿ ಆಡಿಸುವ ಅಭಿನಯ ಎಂಬುದು ನಮ್ಮಲ್ಲಿ ಹಲವರ ನಂಬಿಕೆ. ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಅರ್ಸುಲಾ ಬೆಲ್ಲುಗಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಪಾರ್ಶ್ವವಾಯು ಹೊಡೆದ ಕಿವುಡರನ್ನು ಅಧ್ಯಯನ ಮಾಡಿದರು. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದವರು ಸನ್ನೆ ಭಾಷೆಯ ವ್ಯಾಕರಣ ಕಳೆದುಕೊಂಡಿದ್ದರು, ಥೇಟ್ ಮಾತಾಡುವವರು ಮಾತು ಕಳೆದುಕೊಳ್ಳುವ ಹಾಗೆ. ಬಲಭಾಗಕ್ಕೆ ಪೆಟ್ಟು ಬಿದ್ದವರಿಗೆ ಚಿತ್ರ ಬರೆಯುವುದು, ಜಾಗ ಅಂದಾಜಿಸುವುದು ಕಷ್ಟವಾಯಿತು. ಆದರೆ ಸನ್ನೆ ಭಾಷೆ ಬಹುಮಟ್ಟಿಗೆ ಉಳಿಯಿತು. ಅಂದರೆ ಕೈಯಲ್ಲಿ ಆಡಿದ್ದನ್ನೂ ಮಿದುಳು 'ಭಾಷೆ' ಎಂಬ ಖಾತೆಗೇ ಹಾಕುತ್ತದೆ. ಲಾರಾ ಆನ್ ಪೆಟಿಟೋ 1991ರಲ್ಲಿ ತೋರಿಸಿದ್ದು ಇನ್ನೂ ಚೆಂದ: ಸನ್ನೆ ಭಾಷೆ ಆಡುವ ಮನೆಯ ಕಿವುಡು ಕೂಸುಗಳು ಕೈಯಲ್ಲೇ ತೊದಲುತ್ತವೆ. ನಮ್ಮ ಮನೆ ಕೂಸು 'ಬಾಬಾ, ಮಾಮಾ' ಅನ್ನುವ ಸುಮಾರು ಅದೇ ವಯಸ್ಸಿಗೆ.

ನಿಕರಾಗುವಾದಲ್ಲಿ ನಡೆದದ್ದು ನೋಡಿ. 1970ರ ದಶಕದ ಕೊನೆಗೆ ರಾಜಧಾನಿ ಮನಾಗುವಾದಲ್ಲಿ ಕಿವುಡು ಮಕ್ಕಳ ಶಾಲೆ ತೆರೆದಾಗ ಮೇಷ್ಟ್ರುಗಳು ತುಟಿ ಓದುವುದನ್ನು, ಸ್ಪ್ಯಾನಿಷ್ ಮಾತನ್ನು ಕಲಿಸಲು ಹೋದರು. ಹೆಚ್ಚೇನೂ ಸಾಧ್ಯವಾಗಲಿಲ್ಲ. ಆದರೆ ಆಟದ ಮೈದಾನದಲ್ಲಿ, ಶಾಲೆ ಬಸ್ಸಿನಲ್ಲಿ ಮಕ್ಕಳು ತಂತಮ್ಮ ಮನೆಯ ಸನ್ನೆಗಳನ್ನು ಬೆರೆಸಿ ಹೊಸ ಭಾಷೆಯನ್ನೇ ಕಟ್ಟಿಬಿಟ್ಟರು. ಆಮೇಲೆ ಬಂದ ಪುಟ್ಟ ಮಕ್ಕಳು ಅದಕ್ಕೆ ಇನ್ನಷ್ಟು ವ್ಯಾಕರಣ ಕೊಟ್ಟರು. ಮಿದುಳಿಗೆ ಬೇಕಿರುವುದು ಭಾಷೆ. ಅದು ಕಿವಿಯಿಂದ ಬರುತ್ತೋ ಕಣ್ಣಿಂದ ಬರುತ್ತೋ ಅದಕ್ಕೆ ಮುಖ್ಯವಲ್ಲ.

ಮೊದಲ ಭಾಷೆ ಇಲ್ಲದಿದ್ದರೆ ಎರಡನೆಯದೂ ಇಲ್ಲ

ನಮ್ಮ ಮಾತೃಭಾಷಾ ಚರ್ಚೆಗೆ ನೇರವಾಗಿ ತಾಗುವ ಸಂಶೋಧನೆ ರೇಚಲ್ ಮೇಬೆರಿ ಅವರದು. 2002ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ದೊಡ್ಡವರಾದ ಕಿವುಡರನ್ನು ಹೋಲಿಸಿ ನೋಡಿದರು. ಕೆಲವರು ಕೇಳುವ ಮಕ್ಕಳಾಗಿ ಹುಟ್ಟಿ, ಮಾತು ಕಲಿತು, ಆಮೇಲೆ ಕಿವಿ ಕಳೆದುಕೊಂಡು ತಡವಾಗಿ ಸನ್ನೆ ಭಾಷೆಗೆ ಬಂದವರು. ಇನ್ನು ಕೆಲವರು ಹುಟ್ಟು ಕಿವುಡರು, ಎಳವೆಯಲ್ಲಿ ಯಾವ ಭಾಷೆಯೂ ಸಿಗದೆ ಅಷ್ಟೇ ತಡವಾಗಿ ಸನ್ನೆ ಭಾಷೆ ಕಲಿತವರು. ಮೊದಲಿನವರು ಸನ್ನೆ ಭಾಷೆಯಲ್ಲಿ ಚೆನ್ನಾಗಿ ಮಾಡಿದರು, ಎರಡನೆಯವರು ತೀರಾ ಹಿಂದೆ ಬಿದ್ದರು. ಇಂಗ್ಲಿಷ್ ವ್ಯಾಕರಣದಲ್ಲೂ ಇದೇ ಕತೆ. ಚಿಕ್ಕಂದಿನಿಂದ ಸನ್ನೆ ಭಾಷೆ ಆಡಿದ ಕಿವುಡರು, ಬೇರೊಂದು ಮಾತಿನ ಭಾಷೆ ಕಲಿತು ಆಮೇಲೆ ಇಂಗ್ಲಿಷ್ ಕಲಿತವರಷ್ಟೇ ಚೆನ್ನಾಗಿ ಮಾಡಿದರು. ಎಳವೆಯಲ್ಲಿ ಭಾಷೆಯೇ ಸಿಗದವರು ಇಲ್ಲೂ ಹಿಂದೆ.

ಅಂದರೆ ಮೊದಲ ಭಾಷೆ ಯಾವುದಾದರೂ ಆಗಬಹುದು. ಆದರೆ ಒಂದು ಇರಲೇಬೇಕು, ಸರಿಯಾದ ಹೊತ್ತಿಗೆ ಇರಬೇಕು. "ಕನ್ನಡ ಗಟ್ಟಿಯಾದರೆ ಇಂಗ್ಲಿಷ್ ತಾನಾಗೇ ಬರುತ್ತೆ" ಅಂತ ನಾವು ವೇದಿಕೆ ಮೇಲೆ ಹೇಳುತ್ತೇವಲ್ಲ, ಅದೇ ವಾದ ಇದು. ಹಾಗಿದ್ದರೆ ಕಿವುಡು ಮಗುವಿನ ವಿಷಯಕ್ಕೆ ಬಂದಾಗ ಮಾತ್ರ ನಾವೇಕೆ ಅದನ್ನು ಮರೆಯುತ್ತೇವೆ?

ಮಾತಿನ ಪರ ಇರುವವರಿಗೂ ವಾದವಿದೆ, ಅದನ್ನು ಮುಚ್ಚಿಡಬಾರದು. 2017ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಇಂಪ್ಲಾಂಟ್ ಆದ ಮಕ್ಕಳಲ್ಲಿ ಸನ್ನೆ ಬಳಸದ ಮನೆಯವರೇ ಮಾತಿನಲ್ಲಿ ಮುಂದಿದ್ದರು ಎಂದಿತು. ವಿಮರ್ಶಕರು ಕೇಳಿದ್ದು: ಇಂಪ್ಲಾಂಟ್ ಚೆನ್ನಾಗಿ ಕೆಲಸ ಮಾಡಿದ ಮನೆಗಳವರು ತಾವಾಗಿಯೇ ಸನ್ನೆ ಬಿಡುತ್ತಾರೆ, ಹಾಗಾದರೆ ಯಾವುದು ಕಾರಣ, ಯಾವುದು ಪರಿಣಾಮ? ಇನ್ನೊಂದು ಕಷ್ಟವೂ ನಿಜ. ಹುಟ್ಟು ಕಿವುಡು ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ತಂದೆತಾಯಿ ಕೇಳುವವರು. ಅವರಿಗೆ ಸನ್ನೆ ಭಾಷೆ ಬರುವುದಿಲ್ಲ, ಕಲಿಸುವವರೂ ಹತ್ತಿರದಲ್ಲಿ ಸಿಗುವುದಿಲ್ಲ. ನನ್ನ ತಂಗಿ ಇರುವುದು ಹಾಸನ ಜಿಲ್ಲೆಯ ಒಂದು ಹೋಬಳಿಯಲ್ಲಿ. ಅವಳಿಗೆ "ಸನ್ನೆ ಭಾಷೆ ಕಲಿ" ಅನ್ನುವುದು ಸುಲಭ, ಎಲ್ಲಿ ಕಲಿಯಬೇಕು ಅಂತ ಹೇಳುವವರು ಯಾರು?

ಆದರೂ ನನ್ನ ನಿಲುವು ಇದು: ಇಂಪ್ಲಾಂಟ್ ಬೇಕು, ಸಿಗುವವರಿಗೆಲ್ಲ ಬೇಗ ಸಿಗಲಿ. ಆದರೆ ಅದು ಯಾವ ಮಗುವಿಗೆ ಎಷ್ಟು ಕೆಲಸ ಮಾಡುತ್ತೆ ಅಂತ ಮೊದಲೇ ಖಚಿತವಾಗಿ ಹೇಳಲು ಆಗುವುದಿಲ್ಲ. ಫಲಿತಾಂಶ ಗೊತ್ತಾಗುವ ಹೊತ್ತಿಗೆ ಭಾಷೆಯ ಗಡಿಯಾರ ಎಷ್ಟೋ ಮುಂದೆ ಹೋಗಿರುತ್ತೆ. ಎಂಜಿನಿಯರಿಂಗ್‌ನಲ್ಲಿ ಬ್ಯಾಕಪ್ ಇಲ್ಲದೆ ಯಾವ ಮುಖ್ಯ ವ್ಯವಸ್ಥೆಯನ್ನೂ ಚಾಲೂ ಮಾಡಲ್ಲ. ಮಗುವಿನ ಮಿದುಳನ್ನು ಮಾತ್ರ ನಾವು ಬ್ಯಾಕಪ್ ಇಲ್ಲದೆ ಪಣಕ್ಕಿಡುತ್ತಿದ್ದೇವೆ.

ಕಾನೂನಿದೆ, ಮೇಷ್ಟ್ರು ಎಲ್ಲಿ?

ಈ ಪಣದ ಹಿಂದೆ ಇತಿಹಾಸವಿದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ, ಶಾಲೆಗಳಲ್ಲಿ ಮಾತಿಗೇ ಆದ್ಯತೆ ಇರಬೇಕು, ಸನ್ನೆ ಹೋಗಬೇಕು ಎಂದು ನಿರ್ಣಯ ಮಾಡಿತು. ಅಲ್ಲಿದ್ದವರು ಬಹುತೇಕ ಎಲ್ಲರೂ ಕೇಳುವವರು. 2010ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಸಮ್ಮೇಳನ ಆ ನಿರ್ಣಯಕ್ಕೆ ವಿಷಾದ ಸೂಚಿಸಿತು. ವಿಷಾದಕ್ಕೆ 130 ವರ್ಷ ಬೇಕಾಯಿತು. "ಕೈಸನ್ನೆ ಮಾಡ್ಬೇಡಿ" ಎಂಬ ಮಾತು ಇನ್ನೂ ನಮ್ಮ ಜಿಲ್ಲೆಗಳಲ್ಲಿ ಓಡಾಡುತ್ತಿದೆ.

ನಮ್ಮ ಕಾನೂನು ಆ ಮಾತಿಗಿಂತ ಮುಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ, ಕಿವುಡು ಮಕ್ಕಳಿಗೆ ಅತ್ಯಂತ ಸೂಕ್ತವಾದ ಭಾಷೆ ಮತ್ತು ವಿಧಾನದಲ್ಲಿ ಶಿಕ್ಷಣ ಕೊಡಬೇಕು ಅನ್ನುತ್ತೆ. 17ನೇ ಕಲಂ ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸಬೇಕು ಅನ್ನುತ್ತೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಭಾರತೀಯ ಸನ್ನೆ ಭಾಷೆಯಲ್ಲಿ ಪಠ್ಯಸಾಮಗ್ರಿ ಆಗಬೇಕು, ಸ್ಥಳೀಯ ಸನ್ನೆ ಭಾಷೆಗಳನ್ನೂ ಗೌರವಿಸಬೇಕು ಎಂದಿದೆ. ದಿಲ್ಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2021ರಲ್ಲಿ 10,000 ಪದಗಳ ನಿಘಂಟು ತಂದಿತು. 2011ರ ಜನಗಣತಿ ಪ್ರಕಾರ ದೇಶದಲ್ಲಿ ಶ್ರವಣದೋಷ ಇರುವವರು 50 ಲಕ್ಷಕ್ಕೂ ಹೆಚ್ಚು. ಆದರೂ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಇವರ ಭಾಷೆ ಇಲ್ಲ. ದಕ್ಷಿಣ ಆಫ್ರಿಕಾ 2023ರಲ್ಲಿ ಸನ್ನೆ ಭಾಷೆಯನ್ನು ತನ್ನ 12ನೇ ಅಧಿಕೃತ ಭಾಷೆ ಮಾಡಿಕೊಂಡಿತು.

ಕರ್ನಾಟಕಕ್ಕೆ ಇಲ್ಲಿ ನೆಪ ಹೇಳುವ ಅವಕಾಶವೇ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಡೀ ದೇಶಕ್ಕೆ ಪರಿಣತರನ್ನು ಕೊಟ್ಟ ಸಂಸ್ಥೆ. ಬೆಂಗಳೂರಿನ ಕಿವುಡು ವಕೀಲೆ ಸಾರಾ ಸನ್ನಿ 2023ರಲ್ಲಿ ದುಭಾಷಿಯ ನೆರವಿನಿಂದ ಸುಪ್ರೀಂ ಕೋರ್ಟ್ ಮುಂದೆ, 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಸನ್ನೆ ಭಾಷೆಯಲ್ಲಿ ವಾದ ಮಂಡಿಸಿದರು. ಕೋರ್ಟು ಅರ್ಥ ಮಾಡಿಕೊಳ್ಳಬಹುದಾದ ಭಾಷೆ ಅಂಗನವಾಡಿಗೆ ಯಾಕೆ ಅರ್ಥವಾಗಬಾರದು?

ಹಾಗಾಗಿ ನಾವು ಕೇಳಬೇಕಾದ್ದು ಮೂರು. ಒಂದು, ಹೆರಿಗೆ ಆಗುವ ಪ್ರತಿ ಆಸ್ಪತ್ರೆಯಲ್ಲೂ ಡಿಸ್ಚಾರ್ಜ್‌ಗೆ ಮುಂಚೆ ಶ್ರವಣ ತಪಾಸಣೆ. ನಿದ್ದೆ ಮಾಡುವ ಕೂಸಿನ ಕಿವಿಗೆ ಪುಟ್ಟ ಪ್ರೋಬ್ ಇಟ್ಟು ಒಳಗಿವಿಯ ಪ್ರತಿಧ್ವನಿ ಅಳೆಯುವ ಪರೀಕ್ಷೆ ಅದು, ಕೆಲವೇ ನಿಮಿಷದ ಕೆಲಸ. ಆರು ತಿಂಗಳೊಳಗೆ ಪತ್ತೆಯಾದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಎಷ್ಟೋ ಉತ್ತಮ ಎಂಬುದು 1998ರಿಂದಲೂ ದಾಖಲಾಗಿದೆ. ಎರಡು, ಪತ್ತೆಯಾದ ದಿನವೇ, ಇಂಪ್ಲಾಂಟ್‌ಗೆ ಕಾಯದೆ, ಮನೆಯವರಿಗೆ ಸನ್ನೆ ಭಾಷೆ ಪಾಠ. ಕಲಿಸುವವರು ಕಿವುಡರೇ ಆಗಿರಲಿ. ತಾಲೂಕಿಗೆ ಒಬ್ಬರನ್ನು ನೇಮಿಸಿದರೂ ಅದು ಭಾಷೆಯ ಜತೆಗೆ ಉದ್ಯೋಗವೂ ಆಗುತ್ತೆ. ಮೂರು, ಮಾತೃಭಾಷೆಯಲ್ಲಿ ಶಿಕ್ಷಣ ಅಂತ ಸರ್ಕಾರ ಆದೇಶ ಹೊರಡಿಸುವಾಗ ಆ ಪಟ್ಟಿಯಲ್ಲಿ ಭಾರತೀಯ ಸನ್ನೆ ಭಾಷೆಯ ಹೆಸರೂ ಇರಲಿ.

ಕನ್ನಡಕ್ಕಾಗಿ ದನಿ ಎತ್ತುವ ಗೆಳೆಯರಿಗೆ ಒಂದು ಮಾತು. ಇದು ಕನ್ನಡದ ಪಾಲು ಕಸಿಯುವ ಬೇಡಿಕೆ ಅಲ್ಲ. ಸನ್ನೆ ಭಾಷೆ ಚೆನ್ನಾಗಿ ಬಂದ ಮಗುವೇ ಮುಂದೆ ಕನ್ನಡ ಓದಿ ಬರೆಯಲು ಹೆಚ್ಚು ಸಿದ್ಧವಾಗಿರುತ್ತೆ. ಯಾವ ಭಾಷೆಯೂ ಸಿಗದ ಮಗುವಿಗೆ ಕನ್ನಡವೂ ದಕ್ಕುವುದು ಕಷ್ಟ.

ಹೋದ ತಿಂಗಳು ಊರಿಗೆ ಹೋಗಿದ್ದೆ. ತಂಗಿ ಈಗ ಮೊಬೈಲ್‌ನಲ್ಲಿ ವಿಡಿಯೋ ನೋಡಿ ಸನ್ನೆ ಕಲಿಯುತ್ತಿದ್ದಾಳೆ, ಇಂಪ್ಲಾಂಟಿನ ತರಬೇತಿಯೂ ನಡೆದಿದೆ. ಮಗ ನನ್ನನ್ನು ನೋಡಿ ಕೈಯಲ್ಲಿ ಏನೋ ಕೇಳಿದ. ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು: "ನೀನು ಯಾರು ಅಂತ ಕೇಳ್ತಿದಾನೆ." ನಾಲ್ಕೂವರೆ ವರ್ಷಕ್ಕೆ ಅವನು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದಂತೆ. ಎರಡು ವರ್ಷಕ್ಕೇ ಕೇಳಬೇಕಿತ್ತು. ಮತ್ತು ಉತ್ತರ ಹೇಳಲು ನನಗೆ ಅವನ ಭಾಷೆ ಬರುತ್ತಿರಲಿಲ್ಲ.